ಮೊದಲ ಮಳೆ ಹೊರಕ್ಕೆ, ಮಿಕ್ಕಿದ್ದು ಸಂಪಿಗೆ

ದೊಡ್ಡ ನಿವೇಶನದಲ್ಲಿ ಮನೆ ಕಟ್ಟುವವರಿಗೆ ಪಾಲಿಕೆಯವರು ನಕ್ಷೆ ಮಂಜೂರು ಮಾಡುವಾಗಲೇ ಮಳೆನೀರು ಸಂಗ್ರಹಕ್ಕೆ ಜಾಗ ತೋರಿಸಿ ಎನ್ನುತ್ತಾರೆ. ನಕ್ಷೆಯಲ್ಲಿ ಎಲ್ಲರೂ ತೋರಿಸುತ್ತಾರೆ. ನಿಜಕ್ಕೂ ಕಟ್ಟಿಸಿದವರಲ್ಲಿ ಎಷ್ಟೋ ಮಂದಿ ಎರಡನೇ ವರ್ಷಕ್ಕೆ ಪೈಪಿನ ಬಾಯಿಗೆ ಮುಚ್ಚಳ ಹಾಕಿಬಿಡುತ್ತಾರೆ, ಸಂಪಿನ ನೀರು ನಾರುತ್ತದೆಂದು. ನೋಡಿದರೆ ಮೊದಲ ಮಳೆಯ ಕೊಳೆನೀರನ್ನು ಹೊರಹಾಕುವ ಪೈಪು ಗಿಡ್ಡದಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಲೆಕ್ಕ ಸುಲಭ. 1 ಚದರ ಮೀಟರ್ ತಾರಸಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 1000 ಚದರ ಅಡಿ ಎಂದರೆ 93 ಚದರ ಮೀಟರ್. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಆವಿ, ಸೋರಿಕೆ, ಹೊರಚೆಲ್ಲುವುದು ಎಂದು ಐದನೇ ಒಂದು ಭಾಗ ಕಳೆದರೂ 59 ಸಾವಿರ ಲೀಟರ್ ದಕ್ಕುತ್ತದೆ. ಬೆಳಗೊಳ, ಹೊಂಗಳ್ಳಿಯಿಂದ ಕರೆಂಟು ಸುಟ್ಟು ಪಂಪ್ ಮಾಡಿ ತರುವ ಕಾವೇರಿ ನೀರಲ್ಲಿ ಕಾರು ತೊಳೆಯುವುದನ್ನು, ಅಂಗಳ ಸಾರಿಸುವುದನ್ನು ಇಷ್ಟು ಮಳೆನೀರಿದ್ದರೆ ನಿಲ್ಲಿಸಬಹುದು.

ಮೊದಲು ತಾರಸಿ. ನೀರು ಒಂದು ಮೂಲೆಗೆ ಹರಿಯುವಂತೆ ಇಳಿಜಾರಿರಲಿ, 4 ಇಂಚಿನ ಪೈಪೊಂದು ಇಳಿಯಲಿ, ಬಾಯಿಗೆ ಜಾಲರಿ ಇರಲಿ. ಬಟ್ಟೆ ಒಗೆಯುವ ಕಲ್ಲು ಮೇಲಿದ್ದರೆ ಸೋಪಿನ ನೀರಿಗೆ ಬೇರೆ ಪೈಪು ಕೊಡಿ.

ಇನ್ನು ಎಲ್ಲರೂ ಎಡವುವ ಜಾಗ. ಬಿಸಿಲಿಗೆ ತಿಂಗಳುಗಟ್ಟಲೆ ಒಣಗಿದ ತಾರಸಿಯಲ್ಲಿ ದೂಳು, ಪಾರಿವಾಳದ ಹಿಕ್ಕೆ, ಹೊಂಗೆ ಎಲೆ ಕೂತಿರುತ್ತದೆ. ಅದನ್ನು ತೊಳೆದು ಇಳಿಯುವ ಮೊದಲ 1 ಮಿ.ಮೀ. ಮಳೆ, ಅಂದರೆ 93 ಲೀಟರ್, ಸಂಪಿಗೆ ಹೋಗಕೂಡದು. ಪಾರಿವಾಳ ಜಾಸ್ತಿಯಿದ್ದರೆ ಇದರ ಎರಡರಷ್ಟು ಹೊರಹಾಕಿ. ಪ್ಲಂಬರುಗಳು ಸಾಮಾನ್ಯವಾಗಿ ಟೀ (ಮೂರು ಬಾಯಿಯ ಪೈಪು ಜೋಡಣೆ) ಕೆಳಗೆ 4 ಇಂಚಿನ ಪೈಪನ್ನು 2 ಅಡಿ ಬಿಟ್ಟು ಕ್ಯಾಪ್ ಹಾಕುತ್ತಾರೆ. ಅದು ಹಿಡಿಯುವುದು ಸುಮಾರು 5 ಲೀಟರ್. ಮಿಕ್ಕ ಕೊಳೆಯೆಲ್ಲ ಸಂಪಿಗೇ ಸೇರುತ್ತದೆ.

ಬೇಕಾದದ್ದು 6 ಇಂಚಿನ ಪೈಪು. ಒಂದು ಮೀಟರಿಗೆ ಸುಮಾರು 18 ಲೀಟರ್ ಹಿಡಿಯುತ್ತದೆ. 5 ಮೀಟರ್ ಹಾಕಿದರೆ 90 ಲೀಟರ್. ಎರಡು ಅಂತಸ್ತಿನ ಮನೆಯಲ್ಲಿ ನೇರ ನಿಲ್ಲಿಸಬಹುದು. ತುಂಬಿದಾಗ 90 ಕಿಲೋ ತೂಗುತ್ತದಾದ್ದರಿಂದ ಕ್ಲ್ಯಾಂಪ್ ಮಾತ್ರ ನಂಬಬೇಡಿ, ಬುಡಕ್ಕೆ ಇಟ್ಟಿಗೆ ಕಟ್ಟೆ ಕೊಡಿ. ಒಂದೇ ಅಂತಸ್ತಾದರೆ 2 ಮೀಟರ್ ನಿಲ್ಲಿಸಿ, ಮಿಕ್ಕ 3 ಮೀಟರನ್ನು ಗೋಡೆಯ ಬುಡದಲ್ಲಿ ಕ್ಯಾಪಿನ ಕಡೆಗೆ ತುಸು ಇಳಿಜಾರಾಗಿ ಮಲಗಿಸಿ. ಪೈಪಿನ ಬದಲು ಡ್ರಮ್ಮು ಇಡಿಸುವವರಿದ್ದಾರೆ; ಎರಡು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಡ್ರಮ್ಮಿನ ಮುಚ್ಚಳ ಎದ್ದುಬಿಡುತ್ತದೆ.

ಪೈಪಿನ ತಲೆಗೆ 6 ರಿಂದ 4 ಇಂಚಿನ ರೆಡ್ಯೂಸರ್, ಅದರ ಮೇಲೆ ಟೀ. ಟೀಯ ಅಡ್ಡ ಬಾಯಿಯಿಂದ ಫಿಲ್ಟರಿಗೆ ಪೈಪು ಹೋಗಲಿ. ರೆಡ್ಯೂಸರ್ ಅಂಟಿಸುವ ಮುಂಚೆ 5 ಇಂಚಿನ ಹಗುರ ಪ್ಲಾಸ್ಟಿಕ್ ಚೆಂಡೊಂದನ್ನು ಒಳಗೆ ಬಿಡಿ. ಪೈಪು ತುಂಬಿದಂತೆ ಚೆಂಡು ತೇಲಿ ರೆಡ್ಯೂಸರ್ ಬಾಯಿಗೆ ಕೂರುತ್ತದೆ, ಆಮೇಲಿನ ತಿಳಿನೀರು ಅಡ್ಡ ಹೊರಳುತ್ತದೆ. ಚೆಂಡಿಲ್ಲದಿದ್ದರೆ ಬೀಳುವ ನೀರು ಕೆಳಗಿನ ಕೊಳೆಯನ್ನು ಕಲಕಿ ಮೇಲೆ ತರುತ್ತದೆ.

ತಳದ ಕ್ಯಾಪ್ ತಿರುಪಿನದ್ದೇ ಆಗಬೇಕು. ಸಲ್ಯೂಷನ್ ಹಾಕಿ ಅಂಟಿಸಿದರೆ ಮುಂದೆ ಹೂಳು ತೆಗೆಯಲಾಗದು. ಕ್ಯಾಪಿಗೆ 3 ಮಿ.ಮೀ. ರಂಧ್ರ ಕೊರೆಸಿ. ಮಳೆ ನಿಂತ ಒಂದು, ಒಂದೂವರೆ ಗಂಟೆಯಲ್ಲಿ ನೇರ ನಿಂತ ಪೈಪು ತಾನೇ ಖಾಲಿಯಾಗಿ ಮುಂದಿನ ಮಳೆಗೆ ಅಣಿಯಾಗುತ್ತದೆ; ಮಲಗಿಸಿದ ಭಾಗಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. 'ರಂಧ್ರ ಯಾಕೆ ಸಾರ್, ಗೇಟ್ ವಾಲ್ವ್ ಸಾಕು' ಎನ್ನುವವರ ಮಾತು ಕೇಳಬೇಡಿ. ರಾತ್ರಿ ಮೂರು ಗಂಟೆಗೆ ಮಳೆ ಬಂದರೆ ಎದ್ದು ವಾಲ್ವ್ ತಿರುಗಿಸುವವರು ಯಾರೂ ಇಲ್ಲ.

ಫಿಲ್ಟರಿಗೆ 200 ಲೀಟರಿನ ಡ್ರಮ್ಮು: ತಳದಲ್ಲಿ 20 ಎಂ.ಎಂ. ಜಲ್ಲಿ, ನಡುವೆ 6 ಎಂ.ಎಂ., ಮೇಲೆ ದಪ್ಪ ಮರಳು, ತಲಾ 20 ಸೆಂ.ಮೀ., ಪದರಗಳ ನಡುವೆ ನೈಲಾನ್ ಜಾಲರಿ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ಬಿಳಿ ನೀರು ನಿಲ್ಲುವ ತನಕ ತೊಳೆಯಿರಿ, ಇಲ್ಲದಿದ್ದರೆ ಅದರ ದೂಳೇ ಫಿಲ್ಟರನ್ನು ಕಟ್ಟಿಹಾಕುತ್ತದೆ. ಇದ್ದಲು ಬೇಡ, ಕಾಲಕಾಲಕ್ಕೆ ಬದಲಿಸದಿದ್ದರೆ ಅದೇ ಕೊಳೆಯ ಮನೆ.

ಸಂಪು ಬೇರೆಯೇ ಇರಲಿ. ಕ್ಲೋರಿನ್ ಹಾಕಿ ಬರುವ ಕುಡಿಯುವ ನೀರಿನ ಸಂಪಿಗೆ ಮಳೆನೀರು ಬೆರೆಸಬೇಡಿ. ಒಳಬರುವ ಪೈಪು ತಳದವರೆಗೆ ಇಳಿದು, ಕೊನೆಯಲ್ಲಿ ಬಾಯಿ ಮೇಲಕ್ಕೆ ತಿರುಗಿರಲಿ, ಗಸಿ ಏಳುವುದಿಲ್ಲ. ತುಂಬಿ ಹೊರಹೋಗುವ ಪೈಪೂ 4 ಇಂಚಿನದೇ ಆಗಿ, ಬಾಯಿಗೆ ಸೊಳ್ಳೆ ಜಾಲರಿ ಇರಲಿ. ಡೆಂಗಿ ಲಾರ್ವಾ ನೋಡಲು ಬರುವ ಆರೋಗ್ಯ ಕಾರ್ಯಕರ್ತೆಯರು ಹುಡುಕುವುದೂ ಇಂಥ ಜಾಗಗಳನ್ನೇ. ಈ ಪೈಪನ್ನು ಯುಜಿಡಿಗೆ (ಒಳಚರಂಡಿಗೆ) ಮಾತ್ರ ಜೋಡಿಸಲೇಬೇಡಿ: ಜೋರು ಮಳೆಯಲ್ಲಿ ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತದೆ, ಕೊಳಚೆ ನಿಮ್ಮ ಸಂಪಿಗೇ ಹಿಂದಿರುಗುತ್ತದೆ. ಪಾಯದಿಂದ 10 ಅಡಿ ದೂರದಲ್ಲಿ, 3 ಅಡಿ ಅಗಲದ ತೂತುಳ್ಳ ಸಿಮೆಂಟ್ ರಿಂಗುಗಳನ್ನು ಇಳಿಸಿ ಇಂಗುಗುಂಡಿ ಮಾಡಿಸಿ, ಹೆಚ್ಚಿನ ನೀರು ಅಲ್ಲಿಗೆ ಹೋಗಲಿ. ತಳಕ್ಕೆ ಕಾಂಕ್ರೀಟ್ ಹಾಕಿಸಬೇಡಿ.

ಅಶ್ವಿನಿ ಮಳೆಗೆ ಮುಂಚೆ ತಾರಸಿ ಗುಡಿಸಿ, ಮರಳಿನ ಮೇಲಿನ ಎರಡು ಇಂಚು ತೆಗೆದು ತೊಳೆದು ಹಾಕಿ. ಹಸ್ತ, ಚಿತ್ತಾ ಮಳೆ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ಕ್ಯಾಪ್ ಬಿಚ್ಚಿ ಹೂಳು ತೆಗೆದು, ರಂಧ್ರಕ್ಕೆ ಕಡ್ಡಿ ಚುಚ್ಚಿ ನೋಡಿ. ಮಳೆ ನಿಂತು ಎರಡು ಗಂಟೆ ಕಳೆದ ಮೇಲೂ ನೇರ ನಿಂತ ಪೈಪಿಗೆ ಬಡಿದರೆ ತುಂಬಿದ ಸದ್ದು ಬಂದರೆ ರಂಧ್ರ ಕಟ್ಟಿಕೊಂಡಿದೆ ಎಂದರ್ಥ, ಅಂದೇ ತೆಗೆಯಿರಿ.