ಬಿಸಿಲಲ್ಲಿ ಕಾಣುವ ಸ್ಕ್ರೀನ್ ಆರಿಸೋದು ಹೇಗೆ

ಗೆಳೆಯರೇ, ರಾಯಚೂರಿನ ಬಿಸಿಲು ಗೊತ್ತಲ್ವಾ? ಹೊಲದಲ್ಲಿ ನಿಂತು ಫೋನ್ ತೆಗೆದರೆ ಸ್ಕ್ರೀನಿನಲ್ಲಿ ನಮ್ಮ ಮುಖವೇ ಕಾಣುತ್ತದೆ. ಹೊಸ ಫೋನ್ ತಗೊಳ್ಳುವವರು ಬರೀ ನಿಟ್ಸ್ (ಸ್ಕ್ರೀನ್ ಎಷ್ಟು ಹೊಳೆಯುತ್ತದೆ ಅನ್ನೋ ಅಳತೆ) ನೋಡಬೇಡಿ. ಎಷ್ಟು ಬೆಳಕು ವಾಪಸ್ ಚಿಮ್ಮುತ್ತದೆ ಅನ್ನೋದೂ ಅಷ್ಟೇ ಮುಖ್ಯ.

ಒಂದು ಸಣ್ಣ ಲೆಕ್ಕ ನೋಡಿ. ನೆತ್ತಿ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ಸ್ಕ್ರೀನ್ ಅದರಲ್ಲಿ ಶೇ. 2ರಷ್ಟನ್ನು ಎಲ್ಲ ಕಡೆಗೂ ಚೆದುರಿಸಿದರೆ, 1,00,000ವನ್ನು 0.02ರಿಂದ ಗುಣಿಸಿ 3.14ರಿಂದ ಭಾಗಿಸಿ. ಸುಮಾರು 637 ನಿಟ್ಸ್ ಬರುತ್ತದೆ. ಕಪ್ಪು ಜಾಗವೂ ಅಷ್ಟು ಹೊಳೆಯುತ್ತದೆ! ಸ್ಕ್ರೀನ್ 500 ನಿಟ್ಸಿನದಾದರೆ ಬಿಳಿ ಜಾಗ 500 ಕೂಡಿಸು 637, ಅಂದರೆ 1,137 ನಿಟ್ಸ್. ಕಪ್ಪಿಗಿಂತ ಎರಡು ಪಟ್ಟೂ ಇಲ್ಲ, ಅಕ್ಷರ ಹೇಗೆ ಕಾಣಬೇಕು?

ಅಂಗಡಿಯಲ್ಲಿ ಹೀಗೆ ಮಾಡಿ. ಎರಡು ಫೋನ್ ಆಫ್ ಮಾಡಿ, ಟ್ಯೂಬ್‌ಲೈಟ್ ಕೆಳಗೆ ಒಂದೇ ಓರೆಯಲ್ಲಿ ಹಿಡಿಯಿರಿ. ಯಾವುದರಲ್ಲಿ ಟ್ಯೂಬಿನ ಬಿಂಬ ಮಂಕಾಗಿದೆಯೋ ಅದು ಒಳ್ಳೆಯದು. ಆದರೆ ಬಿಂಬ ಹರಡಿಕೊಂಡು ಸ್ಕ್ರೀನ್ ಪೂರ್ತಿ ಬೂದು ಆದರೆ ಹುಷಾರು, ಮ್ಯಾಟ್ ಗಾರ್ಡ್ (ನುಣುಪಿಲ್ಲದ ಸ್ಕ್ರೀನ್ ಗಾರ್ಡ್) ಹಾಕಿದಾಗ ಹೀಗಾಗುತ್ತದೆ. ಆಮೇಲೆ ಅಂಗಡಿಯವರನ್ನು ಕೇಳಿ ಹೊರಗೂ ಒಮ್ಮೆ ನೋಡಿ.

ಫೋನಿನ ಲಕ್ಸ್ ಆ್ಯಪ್ ಅಳೆಯೋದು ಫೋನಿನ ಮೇಲೆ ಬೀಳುವ ಬೆಳಕನ್ನು. ಸ್ಕ್ರೀನಿನಿಂದ ಬರುವ ಬೆಳಕಿಗೆ ಲ್ಯೂಮಿನನ್ಸ್ ಮೀಟರ್ ಬೇಕು. ಆ್ಯಪಿನ ಅಂಕಿ ನಂಬಿ ಸುಮ್ನೆ ದುಡ್ಡು ಹಾಕಬೇಡಿ.

ಗಾಳಿ ಮತ್ತು ಗಾಜು ಸೇರುವ ಪ್ರತಿ ಮೈಯಲ್ಲೂ ಸುಮಾರು ಶೇ. 4 ಬೆಳಕು ವಾಪಸ್ ಬರುತ್ತದೆ. ಅದಕ್ಕೇ ನಡುವೆ ಗಾಳಿ ಉಳಿಯುವಂತೆ ಗಾರ್ಡ್ ಅಂಟಿಸಿದರೆ ವಾಪಸ್ ಚಿಮ್ಮುವ ಬೆಳಕು ಜಾಸ್ತಿ.