ಫಳ್ ಅಂತ ಹೊಳೆದು ಮಾಯವಾಗುವ ಬೆಳಕು: ನಾನು ಪತ್ತೆ ಮಾಡುವ ರೀತಿ

ಚಿಕ್ಕಮಗಳೂರಿನ ಹತ್ತಿರ ನಮ್ಮ ತೋಟದ ಕಾಫಿ ಕಣದಲ್ಲಿ ಚಾಪೆ ಹಾಸಿ ಆಕಾಶ ನೋಡುವುದು ನನ್ನ ಹಳೇ ಅಭ್ಯಾಸ. ಅದು ಗೊತ್ತಿರುವವರು ಬೆಳಗಾದರೆ ಬಂದು ಕೇಳುತ್ತಾರೆ, "ರಾತ್ರಿ ಗಿರಿ ಕಡೆ ಫಳ್ ಅಂತ ಹೊಳೀತಲ್ಲ, ಏನಣ್ಣ ಅದು?" ಕೊಳ್ಳಿದೆವ್ವ ಎನ್ನುವವರೂ ಇದ್ದಾರೆ. ನಾನು ಕೇಳುವುದು ಎರಡೇ. ಮರದ ತಲೆಯಿಂದ ಎಷ್ಟು ಮೇಲಿತ್ತು? ಮತ್ತೆ ಹೊಳೀತಾ?

ದಿಗಂತದ ಹತ್ತಿರವಿದ್ದರೆ, ಅದರಲ್ಲೂ ಏಪ್ರಿಲ್-ಮೇ ಆಗಿದ್ದರೆ, ಹೆಚ್ಚಾಗಿ ದೂರದ ಮಿಂಚೇ. ಗುಡುಗು ಹದಿನೈದು ಇಪ್ಪತ್ತು ಕಿಲೋಮೀಟರ್ ದಾಟಿ ಕೇಳಿಸುವುದು ಕಷ್ಟ, ಆದರೆ ಮಿಂಚಿನ ಬೆಳಕು ನೂರು ಕಿಲೋಮೀಟರ್ ಆಚೆಯಿಂದಲೂ ಕಾಣುತ್ತದೆ. ಘಟ್ಟದ ಕೆಳಗೆ ಜೋರು ಮಳೆ ಇರುತ್ತದೆ, ನಮ್ಮ ತಲೆ ಮೇಲೆ ನಕ್ಷತ್ರ ತುಂಬಿರುತ್ತದೆ. ಜನ ಗಾಬರಿಯಾಗುವುದು ಸಹಜ ಅಲ್ವಾ.

ನಡು ಆಕಾಶದಲ್ಲಿ ಕಂಡರೆ ನನಗೆ ಕುತೂಹಲ ಜಾಸ್ತಿ. ಹೊಳೆದ ಜಾಗದಿಂದ ನಾನು ಕಣ್ಣು ಕೀಳುವುದಿಲ್ಲ. ಕೆಲವು ಸೆಕೆಂಡಿನ ನಂತರ ಸ್ವಲ್ಪ ಪಕ್ಕದಲ್ಲಿ ಮತ್ತೆ ಹೊಳೆದರೆ ಅದು ಉರುಳುತ್ತಾ ಸಾಗುವ ಹಳೇ ಉಪಗ್ರಹ ಅಥವಾ ಖಾಲಿ ರಾಕೆಟ್. ನಮಗೆ ಕತ್ತಲಾಗಿದ್ದರೂ ಅಷ್ಟು ಮೇಲೆ ಬಿಸಿಲಿರುತ್ತದೆ, ಅದರ ಒಂದು ಮೈ ಸರಿಯಾಗಿ ನಮ್ಮ ಕಡೆ ತಿರುಗಿದಾಗ ಮಾತ್ರ ಬಿಸಿಲು ಇತ್ತ ಬೀಳುತ್ತದೆ. 1980ರ ದಶಕದಲ್ಲಿ ಕೆನಡಾದ ಹವ್ಯಾಸಿಗಳು ಪರ್ಸಿಯಸ್ ನಕ್ಷತ್ರಪುಂಜದ ಹತ್ತಿರ ಇಂಥದ್ದೇ ಬೆಳಕು ಮತ್ತೆ ಮತ್ತೆ ಕಂಡು ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ಬೆರಳು ತೋರಿಸಿದ್ದು ಉಪಗ್ರಹಗಳ ಕಡೆಗೇ.

ಒಂದೇ ಸಲ ಹೊಳೆದು ಹೋದರೆ? ನೇರ ನಮ್ಮ ಕಡೆಗೇ ಬರುವ ಉಲ್ಕೆಗೆ ಬಾಲ ಕಾಣುವುದಿಲ್ಲ, ಸುಮ್ನೆ ಒಂದು ಚುಕ್ಕೆ ಉರಿದು ಆರುತ್ತದೆ. ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾಪಾತದಲ್ಲಿ ಮಿಥುನದ ಕ್ಯಾಸ್ಟರ್ ನಕ್ಷತ್ರದ ಸುತ್ತಮುತ್ತ ನೋಡಿ, ಇಂಥ ಚುಕ್ಕೆ ಸಿಕ್ಕೀತು.

ಫೋಟೋ ತೆಗೆಯುವವರು ಎರಡು ಕ್ಯಾಮೆರಾ ಒಂದೇ ಕಡೆಗೆ ಇಡಿ. ಹತ್ತು ಸೆಕೆಂಡಿನ ಫೋಟೋದಲ್ಲಿ ಉಪಗ್ರಹದ ಹೊಳಪು ಸಾಮಾನ್ಯವಾಗಿ ಸಣ್ಣ ಗೆರೆಯಾಗಿ ಬೀಳುತ್ತದೆ, ನಡುವೆ ದಪ್ಪ, ಎರಡೂ ತುದಿ ಚೂಪು. ಒಂದು ಕ್ಯಾಮೆರಾದಲ್ಲಿ ಚೂಪಾದ ಬಿಳಿ ಚುಕ್ಕೆ ಇದ್ದು ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅಂದರೆ ಅದು ಆಕಾಶದ್ದಲ್ಲ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಸೂಕ್ಷ್ಮ ಕಣಗಳು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಹೆಚ್ಚುಕಮ್ಮಿ ಒಂದರಂತೆ ನೆಲಕ್ಕೆ ಬೀಳುತ್ತಲೇ ಇರುತ್ತವೆ, ಸೆನ್ಸರಿಗೆ ತಗುಲಿದರೆ ಚುಕ್ಕೆ ಮೂಡುತ್ತದೆ.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಹಾಸನದ ಗೆಳೆಯನ ಫೋನ್ ಕರೆಯ ಮೇಲೆ. ನಮ್ಮಿಬ್ಬರ ನಡುವೆ ನೇರ ದೂರ ಸುಮಾರು 50 ಕಿಲೋಮೀಟರ್. ನನ್ನ ನೆತ್ತಿಯ ಮೇಲೆ ನೂರು ಕಿಲೋಮೀಟರ್ ಎತ್ತರದಲ್ಲಿ ಉರಿದ ಉಲ್ಕೆ ಅವನಿಗೆ ನೆತ್ತಿಯಿಂದ 25 ಡಿಗ್ರಿಗಿಂತ ಜಾಸ್ತಿ ವಾಲಿ ಕಾಣುತ್ತದೆ, ಅಂದರೆ ಕೈ ಚಾಚಿ ಹಿಡಿದ ಮುಷ್ಟಿಯ ಎರಡೂವರೆ ಪಟ್ಟು. ಅವನ ಊರಿನ ಎಂ.ಸಿ.ಎಫ್. (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡಿಕೊಳ್ಳುವಂಥ, 36,000 ಕಿಲೋಮೀಟರ್ ಎತ್ತರದ ಉಪಗ್ರಹವಾದರೆ ಇಬ್ಬರಿಗೂ ಅದೇ ನಕ್ಷತ್ರದ ಪಕ್ಕ. ಕೆಳ ಕಕ್ಷೆಯ ಉಪಗ್ರಹದ ಚುರುಕು ಹೊಳಪು ನೆಲದ ಮೇಲೆ ಕೆಲವೇ ಕಿಲೋಮೀಟರ್ ಅಗಲದ ಜಾಗಕ್ಕೆ ಮಾತ್ರ ಕಾಣಬಹುದು, ಹಾಗಾಗಿ ಅವನಿಗೆ ಏನೂ ಕಾಣಲಿಲ್ಲ ಅಂದರೆ ಅದೂ ಒಂದು ಸುಳಿವೇ. ಇನ್ನು ಮೇಲೆ ಯಾರಿಗಾದರೂ ಕಂಡರೆ ಗಂಟೆ, ನಿಮಿಷ, ಸೆಕೆಂಡು, ಪಕ್ಕದ ನಕ್ಷತ್ರ, ಇಷ್ಟು ಆಗಲೇ ಬರೆದಿಟ್ಟುಕೊಳ್ಳಿ.