ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಅರ್ಜಿ ಸಿದ್ಧವಿರಲಿ

ಬೇಸಿಗೆಯಲ್ಲಿ ಎರಡು ತಿಂಗಳು ವಿದೇಶದ ಲ್ಯಾಬಿನಲ್ಲಿ ಕಲಿಯುವ ಆಸೆ, ಕೈಯಲ್ಲಿ ದುಡ್ಡಿಲ್ಲ. ನಾನೂ ಹೀಗೇ ಇದ್ದೆ. ಅರಕಲಗೂಡು ಹತ್ತಿರ ಅಪ್ಪನಿಗೆ ಸ್ವಲ್ಪ ಆಲೂಗಡ್ಡೆ ಹೊಲ. ನಾನು ಹಾಸನದಲ್ಲಿ ಬಿ.ಇ. ಓದುತ್ತಿದ್ದೆ. ಮೂರನೇ ವರ್ಷ ಫೆಬ್ರವರಿಯಲ್ಲಿ ಹುಡುಕಲು ಕೂತೆ. ಎಲ್ಲದರ ಗಡುವೂ ಮುಗಿದಿತ್ತು.

ಬೇಸಿಗೆಯ ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹೋಗುವುದು ಹೆಚ್ಚಾಗಿ ಹಿಂದಿನ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ. ನಮ್ಮೂರಿನ ಲೆಕ್ಕದಲ್ಲಿ ಹಾಸನಾಂಬೆ ದರ್ಶನದ ಹೊತ್ತು.

ವಿದೇಶಿ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುವ ಜರ್ಮನಿಯ ಡಿಎಎಡಿ ಸಂಸ್ಥೆಯ 'ವೈಸ್' ಎಂಬ ಬೇಸಿಗೆ ಇಂಟರ್ನ್‌ಶಿಪ್ ಸ್ಕಾಲರ್‌ಶಿಪ್ ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ. ಅಲ್ಲಿನ ಪ್ರೊಫೆಸರ್ ಒಬ್ಬರಿಂದ ಆಹ್ವಾನ ಪತ್ರ ನೀವೇ ತರಿಸಿಕೊಳ್ಳಬೇಕು. ಯಾವ ಕಾಲೇಜಿನವರು ಅರ್ಹರು ಅನ್ನುವ ಷರತ್ತನ್ನು ಮೊದಲೇ ಓದಿ, ಇಲ್ಲದಿದ್ದರೆ ಸುಮ್ನೆ ಶ್ರಮ. ಜಪಾನಿನ ಓಕಿನಾವಾದಲ್ಲಿರುವ ಓಐಎಸ್‌ಟಿ ಎಂಬ ವಿಜ್ಞಾನ-ತಂತ್ರಜ್ಞಾನ ಸಂಶೋಧನಾ ವಿಶ್ವವಿದ್ಯಾಲಯದ ಇಂಟರ್ನ್‌ಶಿಪ್‌ಗೆ ಸಣ್ಣ ಊರಿನ ಕಾಲೇಜಿನವರೂ ಧೈರ್ಯವಾಗಿ ಹಾಕಬಹುದು. ಹೋಗಿಬರುವ ವಿಮಾನ ಟಿಕೆಟ್, ವಸತಿ ಅವರದೇ. ಜೊತೆಗೆ ದಿನದ ಭತ್ಯೆ. ನಾನು ಹೋಗಿದ್ದು ಅಲ್ಲಿಗೆ.

ಪ್ರೊಫೆಸರ್‌ಗೆ ಬರೆಯುವ ಮೇಲ್ ಬಗ್ಗೆ ಜಾಸ್ತಿ ಹೇಳಬೇಕು. ಮೊದಲು ನಾನು ಒಂದೇ ಮೇಲ್ ಅನ್ನು ನಲವತ್ತು ಜನರಿಗೆ ಕಳಿಸಿದೆ. 'ರೆಸ್ಪೆಕ್ಟೆಡ್ ಸರ್' ಅಂತ ಶುರು, ಪೂರ್ತಿ ನನ್ನ ಮಾರ್ಕ್ಸಿನ ವಿವರ. ಒಂದಕ್ಕೂ ಉತ್ತರವಿಲ್ಲ. ಆಮೇಲೆ ಐದೇ ಜನರನ್ನು ಆರಿಸಿಕೊಂಡೆ. ಒಬ್ಬೊಬ್ಬರದೂ ಒಂದು ಸಂಶೋಧನಾ ಪೇಪರ್ ಕೂತು ಓದಿದೆ, ಒಂದೊಂದಕ್ಕೆ ಒಂದು ವಾರ ಹಿಡಿಯಿತು. ಅರ್ಥವಾಗದ ಒಂದು ಜಾಗವನ್ನೇ ಪ್ರಶ್ನೆಯಾಗಿ ಬರೆದೆ. ನನ್ನ ಪ್ರಾಜೆಕ್ಟಿನಲ್ಲಿ ನಾನೇ ಮಾಡಿದ ಕೆಲಸದ ಬಗ್ಗೆ ಮೂರು ಸಾಲು ಸೇರಿಸಿದೆ. ಇಬ್ಬರು ಉತ್ತರ ಕೊಟ್ಟರು. ಅರ್ಜಿಯ ಜೊತೆಗಿನ ಪತ್ರಕ್ಕೂ ಇದೇ ದಾರಿ. ಬಡತನದ ಕಥೆಗಿಂತ ನಿಮ್ಮ ಪ್ರಶ್ನೆ ಮುಂದಿರಲಿ.

ಶಿಫಾರಸು ಪತ್ರವನ್ನು ನಿಮ್ಮ ಕೆಲಸ ಹತ್ತಿರದಿಂದ ನೋಡಿದ ಮೇಷ್ಟ್ರ ಹತ್ತಿರ ಕೇಳಿ. ಪ್ರಿನ್ಸಿಪಾಲರ ಸಹಿಗಿಂತ ಅದಕ್ಕೇ ತೂಕ ಜಾಸ್ತಿ. ಮೂರು ವಾರ ಮೊದಲೇ ಹೇಳಿಡಿ, ಪಾಪ ಅವರಿಗೂ ಇಂಟರ್ನಲ್ಸ್ ತಿದ್ದುವ ಕೆಲಸ ಇರುತ್ತೆ ಅಲ್ವಾ?

ಪಾಸ್‌ಪೋರ್ಟ್ ಈಗಲೇ ಮಾಡಿಸಿ. ಮಾಮೂಲಿ 36 ಪುಟದ್ದಕ್ಕೆ 1,500 ರೂಪಾಯಿ. ನಮ್ಮ ಕಡೆಯವರಿಗೆ ತೊಂದರೆ ಕೊಡುವುದು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದ ಊರು, ಅಪ್ಪನ ಹೆಸರು. ಎರಡೂ ಒಬ್ಬಳದೇ ಹೆಸರು ಅಂತ ಮೇಲ್‌ಗಳಲ್ಲಿ ವಿವರಿಸುವುದರಲ್ಲೇ ನನಗೆ ಮೂರು ವಾರ ಹೋಯಿತು. ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಂಡಿರಿ.

ಆಯ್ಕೆಯಾದ ದಿನವೇ ಸೆಮಿಸ್ಟರ್ ವೇಳಾಪಟ್ಟಿ ಹಿಡಿದು ಎಚ್‌ಒಡಿ ಹತ್ತಿರ ಹೋಗಿ. ಪರೀಕ್ಷೆ ಅಡ್ಡ ಬಂದರೆ ಹೊರಡುವ ತಾರೀಕು ಬದಲಿಸಲು ಆಗುತ್ತದೆಯೇ ಎಂದು ನಿಮ್ಮನ್ನು ಆಯ್ಕೆ ಮಾಡಿದ ವಿದೇಶದ ಸಂಸ್ಥೆಯವರನ್ನು ನೇರವಾಗಿ ಕೇಳಿ. ನಾನು ಕೇಳಿದೆ, ಅವರು ಒಪ್ಪಿದರು. ಕೊನೆಯ ಪೇಪರ್ ಬರೆದ ಮೂರನೇ ದಿನ ಹೊರಟೆ.